ಅಕ್ಕನ ಪರದೆಗೆ ಇಬ್ಬರು ಯಜಮಾನರು

ಫೆಬ್ರವರಿ ೯

ಚಿರಂಜೀವಿ ಭಾಮೈದನಿಗೆ,

ನಿನ್ನ ಅಕ್ಕನ ಗಂಡನಾದ ನಾನು, ಸ್ವಸ್ಥ ಮನಸ್ಸಿನಿಂದ, ಯಾರ ಒತ್ತಾಯಕ್ಕೂ ಒಳಗಾಗದೆ, ಕನ್ನಡಕ ಹಾಕಿಕೊಂಡು ಈ ಮೂಲಕ ಒಪ್ಪಿಕೊಳ್ಳುವುದೇನೆಂದರೆ: ಮೊನ್ನೆ ಮಧ್ಯಾಹ್ನ ಅವಳು ಸ್ನಾನಕ್ಕೆ ಹೋಗಿದ್ದ ಹೊತ್ತಿನಲ್ಲಿ ಅವಳ ಕಂಪ್ಯೂಟರಿನಿಂದ ಒಂದು ನಕ್ಷತ್ರವನ್ನು ಕದ್ದೆ. ಕದ್ದ ಮಾಲನ್ನು ಮನೆಯಿಂದಾಚೆ ಸಾಗಿಸಿಲ್ಲ. ಒಂದು ಸಾಲಿನಿಂದ ಎತ್ತಿ ಕೆಳಗಿನ ಸಾಲಿಗೆ ಇಟ್ಟೆ, ಅಷ್ಟೆ. ಆದರೂ ಅಪರಾಧ ಅಪರಾಧವೇ. ತರ್ಕಶಾಸ್ತ್ರ ಪಾಠ ಮಾಡಿ ಹೊಟ್ಟೆ ಹೊರೆಯುವವನಿಗೆ ಅಷ್ಟು ಗೊತ್ತಿದೆ.

ಇದನ್ನು ಫೋನಿನಲ್ಲೇ ಹೇಳಿ ಮುಗಿಸಬಹುದಿತ್ತು. ನಿನ್ನ ಫೋನು ನನ್ನ ಕರೆಯನ್ನು ಒಳಗೆ ಬಿಟ್ಟುಕೊಳ್ಳುತ್ತಿಲ್ಲ. ನೀನೇ ಅಗಳಿ ಹಾಕಿದ್ದೀಯ ಎಂದು ನಿಮ್ಮಕ್ಕ ಹೇಳಿದಳು. ಅಂಚೆಯವನಿಗೆ ಅಗಳಿ ಹಾಕುವ ವಿದ್ಯೆ ಕಣ್ಣಿನ ಆಸ್ಪತ್ರೆಯಲ್ಲಿ ಕಂಪ್ಯೂಟರ್ ನೋಡಿಕೊಳ್ಳುವವರಿಗೆ ಇನ್ನೂ ಸಿದ್ಧಿಸಿಲ್ಲ. ಆದ್ದರಿಂದ ಈ ಪತ್ರ.

ಯಾವುದೇ ವಿಚಾರಣೆಯಲ್ಲಿ ಹಿನ್ನೆಲೆ ಹೇಳಬೇಕು. ನಿಮ್ಮಕ್ಕ ಪಠ್ಯಪುಸ್ತಕಗಳ ಪುಟ ಜೋಡಿಸುವ ಆ ಯಂತ್ರಕ್ಕೆ ಲಿನಕ್ಸ್ ಹಾಕಿದವನು ನೀನೇ. ಮುಕ್ತ ತಂತ್ರಾಂಶ, ಬಿಡಿಗಾಸು ಕೊಡಬೇಕಾಗಿಲ್ಲ ಎಂದೆ. ಅಂದಿನಿಂದ ಅದರ ಮೇಲೆ ಕೂತಿದ್ದದ್ದು ಎಕ್ಸ್‌ಎಫ್‌ಸಿಇ ಎಂಬ ಮೇಜುಪರದೆ. ಅದರ ಗುರುತು ಒಂದು ಇಲಿ. ಹಾಗಾಗಿ ಮನೆಯಲ್ಲಿ ಅದರ ಹೆಸರು ಇಲಿ. ಕೆಳಗೊಂದು ಪಟ್ಟಿ, ಮೂಲೆಯಲ್ಲೊಂದು ಗಡಿಯಾರ, ಎಲ್ಲಿಟ್ಟದ್ದು ಅಲ್ಲೇ ಇರುವ ಮರ್ಯಾದೆ. ಕಳೆದ ತಿಂಗಳು ನೀನು ಎರಡು ದಿನಕ್ಕೆಂದು ಬಂದು, ನನ್ನ ಕುರ್ಚಿಯಲ್ಲಿ ಕೂತು, ಗ್ನೋಮ್ ಎಂಬ ಇನ್ನೊಂದನ್ನು ತಂದು ಸುರಿದೆ. ನಿಘಂಟು ನೋಡಿದೆ. ನೆಲದಡಿಯಲ್ಲಿ ನಿಧಿ ಕಾಯುವ ಕುಳ್ಳ ಎಂದಿತ್ತು. ಇರಲಿ, ಕುಳ್ಳನೇ. ಯಂತ್ರ ಅದೇ, ಪುಟಗಳು ಅವೇ. ಆದರೆ ಕೆಳಗಿನ ಪಟ್ಟಿ ಮಾಯ, ಮೆನು ಮಾಯ. ಎದ್ದು ನೋಡಿದರೆ ಯಾರೋ ಮನೆಯ ಮಂಚ, ಬೀರುಗಳನ್ನೆಲ್ಲ ಅದಲು ಬದಲು ಮಾಡಿಟ್ಟಿದ್ದಾರೆ ಎನ್ನುವ ಹಾಗೆ. ಮೇಲಾಗಿ, ಎರಡೂ ಇರಲಿ ಎನ್ನುವ ದೊಡ್ಡತನವಾದರೂ ಇತ್ತೇ? ಯಂತ್ರ ಹಾಕಿದೊಡನೆ ತಾನಾಗಿ ಬಂದು ಕೂರುವಂತೆ ಕುಳ್ಳನನ್ನೇ ಡೀಫಾಲ್ಟ್ ಮಾಡಿ ಹೊರಟೆ.

ಯಾಕೆಂಬುದು ಗೊತ್ತು. ಪ್ರಕಾಶಕರ ಮುದ್ರಣಾಲಯ ಇರುವ ಊರಿನಲ್ಲಿ ಪುಟವಿಭಾಗಕ್ಕೆ ಮುಖ್ಯಸ್ಥರು ಬೇಕಂತೆ. ಜೂನಿನಲ್ಲಿ ಪರೀಕ್ಷೆಯಂತೆ. ಅಲ್ಲಿನ ಯಂತ್ರಗಳಲ್ಲೆಲ್ಲ ಕುಳ್ಳನೇ ಕೂತಿದ್ದಾನಂತೆ. ಇವಳು ಅಷ್ಟರೊಳಗೆ ಕುಳ್ಳನಿಗೆ ಒಗ್ಗಿಕೊಂಡರೆ, ಪಾಸಾದರೆ, ರೈಲಿನಲ್ಲಿ ಬೆಳಗಿನಿಂದ ಸಂಜೆಯವರೆಗೆ ಕೂತು ತಲುಪಬೇಕಾದ ಆ ಊರಿಗೆ ಹೋಗಿ ಇರುತ್ತಾಳಂತೆ. ಇಷ್ಟೂ ‘ಅಂತೆ’ಗಳನ್ನು ನಾನು ಕೇಳಿದ್ದು ನಿನ್ನ ಬಾಯಿಂದ, ನನ್ನ ಮನೆಯ ಊಟದ ಮೇಜಿನ ಮೇಲೆ. ಅದರ ಜೊತೆಗೆ ನೀನು ನಂಚಿಕೊಳ್ಳಲು ಕೊಟ್ಟ ಮಾತೂ ನೆನಪಿದೆ. “ಭಾವ, ನೀವು ಸ್ವಲ್ಪ ಸುಮ್ನಿದ್ರೆ ಅಕ್ಕ ಎಲ್ಲೋ ಇರ್ತಿದ್ಳು.”

ಸುಮ್ಮನಿರಲಿಲ್ಲ. ಮೊನ್ನೆ, ಯಂತ್ರಕ್ಕೆ ಅಕ್ಷರ ಹೊಡೆದು ಅಪ್ಪಣೆ ಕೊಡುವ ಕಪ್ಪು ಕಿಟಕಿಯನ್ನು ತೆರೆದೆ. ಒಂದು ಸಾಲು ಹೊಡೆದೆ. ಅದರ ಮೊದಲ ಪದ ‘ಸುಡೊ’. ಏನನ್ನು ಸುಡಬೇಕೆಂದು ಯಂತ್ರ ಕೇಳಲಿಲ್ಲ, ಪಾಸ್‌ವರ್ಡ್ ಮಾತ್ರ ಕೇಳಿತು. ಕೊಟ್ಟೆ. ಮೇಜುಪರದೆಗಳ ಪಟ್ಟಿ ಬಂತು. ಡೀಫಾಲ್ಟ್ ಯಾವುದೋ ಅದರ ಮುಂದೆ ನಕ್ಷತ್ರ. ಇಲಿಯ ಅಂಕಿಯನ್ನು ಒತ್ತಿದೆ. ನಕ್ಷತ್ರ ಇಳಿಯಿತು. ಯಾವ ಪುಸ್ತಕದ, ಯಾವ ಮನುಷ್ಯನ ಸಹಾಯವೂ ಇಲ್ಲದೆ, ನೀನು ಊಟದ ಮೇಜಿನಲ್ಲಿ ‘ಮೇಷ್ಟ್ರಿಗೆ ಮೌಸು ಹಿಡಿಯೋದೇ ಸಾಹಸ’ ಎಂದು ನಕ್ಕ ಈ ನಾನು ಮಾಡಿದ ಕೆಲಸವಿದು. ಮರುದಿನ ಸಂಜೆ ಬಂದು ನೋಡಿದರೆ ಅವಳ ಪರದೆಯ ಮೇಲೆ ನಮ್ಮ ಹಳೆಯ ಇಲಿ. ಅವಳು ಒಂದು ಮಾತೂ ಆಡಲಿಲ್ಲ. ಅವಳಿಗೂ ನೆಮ್ಮದಿಯಾಗಿರಬೇಕು.

ಇತಿ,
ನಿನ್ನ ಭಾವ
(ಭಾವನೆಯೇ ಇಲ್ಲದವನೆಂದು ನೀನು ಹೇಳಿದವನು)


ಫೆಬ್ರವರಿ ೨೦

ಭಾವನವರಿಗೆ ನಮಸ್ಕಾರ. ಇದು ರೂಢಿಗೆ.

ಪತ್ರ ತಲುಪಿತು. ನಿಮ್ಮ ವಾರಪತ್ರಿಕೆಯ ಅಂಕಣಕ್ಕೆ ಬರೆದದ್ದು ತಪ್ಪಿ ನನಗೆ ಬಂತೇನೋ ಅಂದುಕೊಂಡೆ. ಅಲ್ಲಿ ನಗುವವರಿರಬಹುದು. ನನಗೆ ನಗು ಬರಲಿಲ್ಲ.

ನೇರವಾಗಿ ಹೇಳುತ್ತೇನೆ. ಪರೀಕ್ಷೆ ಇರುವುದು ಎರಡು ಗಂಟೆ. ಎದುರಿಗೆ ಯಂತ್ರ ಇಡುತ್ತಾರೆ, ಅದರಲ್ಲಿ ಗ್ನೋಮ್ ಇರುತ್ತದೆ, ಬದಲಾಯಿಸಿಕೊಳ್ಳುವ ಹಾಗಿಲ್ಲ. ಚದುರಿಸಿದ ಪುಟಗಳನ್ನು ಕೊಟ್ಟು ಜೋಡಿಸಿ ಎನ್ನುತ್ತಾರೆ. ಒಂದು ಕಿಟಕಿಯಿಂದ ಇನ್ನೊಂದಕ್ಕೆ ಬೆರಳು ತಾನಾಗಿ ಹೋಗಬೇಕು. ಕೆಳಗಿನ ಪಟ್ಟಿ ಎಲ್ಲಿ ಎಂದು ಹುಡುಕುತ್ತ ಕೂತರೆ ಎದುರಿಗಿರುವವರು ಗಡಿಯಾರ ನೋಡುತ್ತಾರೆ. ಪುಟದ ಕೆಲಸದಲ್ಲಿ ಅಕ್ಕನ ಸಮ ಇನ್ನೊಬ್ಬರಿಲ್ಲ. ಬೆರಳಿಗೆ ರೂಢಿಯಾಗಬೇಕು, ಅಷ್ಟೇ. ಆ ರೂಢಿಗೆ ನೀವು ಅಡ್ಡ ಕೂತಿದ್ದೀರಿ.

ನೀವು ಸರಿಸಿದ ನಕ್ಷತ್ರವನ್ನು ನಾನು ಇಲ್ಲಿಂದಲೇ ಇಂಟರ್ನೆಟ್ ಮೂಲಕ ಒಳಗೆ ಹೋಗಿ ಅದರ ಜಾಗಕ್ಕೆ ಇಟ್ಟಾಗಿದೆ. ನನಗೆ ಇದು ದಿನದ ಕೆಲಸ. ಆಸ್ಪತ್ರೆಯಲ್ಲಿ ನಾಲ್ಕು ಮಹಡಿಯ ಯಂತ್ರಗಳು ನನ್ನ ಕೈಯಲ್ಲಿವೆ. ನಾನು ಹಾಕಿದ ಡೀಫಾಲ್ಟ್ ಅನ್ನು ಡಾಕ್ಟರುಗಳೂ ಮುಟ್ಟುವುದಿಲ್ಲ.

ಅಕ್ಕನ ಹತ್ತಿರ ಮಾತಾಡಿದೆ. ಗ್ನೋಮ್ ಬಂತು ಎಂದಳು. ಇಲ್ಲಿಗೆ ಇದು ಮುಗಿಯಲಿ. ಮೌಸಿನ ಬಗ್ಗೆ ನಾನು ಆಡಿದ ಮಾತಿಗೆ ನನಗೆ ಪಶ್ಚಾತ್ತಾಪವಿಲ್ಲ.

ನಿಮ್ಮ
ಭಾಮೈದ


ಮಾರ್ಚ್ ೮

ಪ್ರಿಯ ದೂರನಿಯಂತ್ರಕನಿಗೆ,

ಮುಗಿಯಿತು ಎಂದು ನೀನು ಬರೆದ ಸಾಲನ್ನು ತರಗತಿಯಲ್ಲಿ ತಪ್ಪು ತೀರ್ಮಾನಕ್ಕೆ ಉದಾಹರಣೆಯಾಗಿ ಕೊಡಬೇಕೆಂದಿದ್ದೇನೆ. ನೀನು ಅಲ್ಲಿಂದ ತಂತಿಯಲ್ಲಿ ತೆವಳಿ ಬಂದು ನಕ್ಷತ್ರವನ್ನು ಮೇಲಿಡುತ್ತೀಯ. ನಾನು ಇಲ್ಲಿ ಚಪ್ಪಲಿ ಮೆಟ್ಟಿಕೊಂಡು ಹೋಗಿ ಕೆಳಗಿಡುತ್ತೇನೆ. ಈಗ ನನಗೆ ಆ ಸಾಲನ್ನು ಮತ್ತೆ ಹೊಡೆಯುವ ಕಷ್ಟವೂ ಇಲ್ಲ. ಮೇಲ್ಮುಖದ ಬಾಣವನ್ನೊತ್ತಿದರೆ ಹಳೆಯದು ತಾನಾಗಿ ಬಂದು ನಿಲ್ಲುತ್ತದೆ. ನಿನ್ನ ತಂತ್ರಾಂಶದಲ್ಲಿ ತಂತ್ರಕ್ಕೆ ಬರವಿಲ್ಲ. ಅಂಶ ಮಾತ್ರ ನನ್ನ ಕಡೆಗಿದೆ.

ಸಾಕ್ಷಿ ಬೇಕೇ? ದಿನವೂ ಸಂಜೆ ಕಾಲೇಜಿನಿಂದ ಬಂದವನು ಕೊಡೆಯನ್ನು ಮೂಲೆಗಿಟ್ಟು ಅವಳ ಕೋಣೆಗೆ ಇಣುಕುತ್ತೇನೆ. ನಿನಗೆ ಗೊತ್ತಲ್ಲ, ಬಟ್ಟೆ ಒಣಹಾಕುವ ಹಗ್ಗವನ್ನು ಅಡ್ಡಡ್ಡ ಕಟ್ಟಿ ಅದಕ್ಕೆ ಕ್ಲಿಪ್ಪು ಹಾಕಿ ಕರಡು ಪುಟಗಳನ್ನು ನೇತುಹಾಕಿರುತ್ತಾಳೆ. ಎಲೆಯ ಚಿತ್ರ, ಕಪ್ಪೆಯ ಹೃದಯ, ಭೂಮಿಯ ಪದರಗಳು, ಎಲ್ಲ ಫ್ಯಾನಿನ ಗಾಳಿಗೆ ಆಡುತ್ತಿರುತ್ತವೆ. ಕಿಟಕಿಯ ಕೆಳಗೆ ಬೀಗ ರಿಪೇರಿಯವನ ಅರದ ಸದ್ದು. ಈ ಪುಟಗಳ ಸಂದಿಯಲ್ಲಿ ತಲೆ ಹಾಕಿ ನೋಡಿದರೆ, ಪರದೆಯ ಮೇಲೆ ಇಲಿ. ಒಂದು ದಿನವಲ್ಲ, ಎರಡು ದಿನವಲ್ಲ, ಪ್ರತಿ ಸಂಜೆ ಇಲಿ. ನೀನು ಗ್ನೋಮ್ ಬಂತು ಎಂದು ಬರೆದ ದಿನದ ಸಂಜೆಯೂ ಇಲಿ.

ಆಮೇಲೆ ನಾವಿಬ್ಬರೂ ಊಟ ಮಾಡುತ್ತೇವೆ. ಮಾತು ಹೆಚ್ಚಿಲ್ಲ. ಮಾತು ಕಡಿಮೆಯಾಗಿದ್ದಕ್ಕೂ ನೀನೇ ಕಾರಣ ಎಂದು ನನ್ನ ಅಭಿಪ್ರಾಯ.

ನಾಲ್ಕು ಮಹಡಿಯ ದೊರೆಗೆ, ಒಂದು ಕೋಣೆಯ ಒಡೆಯನ ಸಲಾಮು.

ನಿನ್ನ ಭಾವ


ಮಾರ್ಚ್ ೨೭

ಭಾವನವರಿಗೆ,

ನೀವು ಸಂಜೆ ಇಣುಕುತ್ತೀರಿ. ನಾನು ಮಧ್ಯಾಹ್ನ ಫೋನ್ ಮಾಡುತ್ತೇನೆ. ಯಾವುದು ಬಂದಿದೆ ಅಕ್ಕ ಎಂದರೆ ಗ್ನೋಮ್ ಅನ್ನುತ್ತಾಳೆ. ಹಾಗಾದರೆ ನಿಮ್ಮ ಕಣ್ಣಿಗೆ ಇಲಿ ಕಾಣುವುದು ಹೇಗೆ? ನಮ್ಮ ಆಸ್ಪತ್ರೆಗೆ ಬನ್ನಿ. ಮೊದಲ ತಪಾಸಣೆ ಉಚಿತ.

ಇನ್ನೊಂದು ವಿಷಯ. ನೀವು ಮರೆತಿರಬಹುದು. ಇದೇ ಮುದ್ರಣಾಲಯದಿಂದ ಅಕ್ಕನಿಗೆ ಹಿಂದೊಮ್ಮೆ ಕರೆ ಬಂದಿತ್ತು. ಆಗ ನಾನಿನ್ನೂ ಕಾಲೇಜಿನಲ್ಲಿದ್ದೆ. ನಿಮಗೆ ಸೊಂಟ ಹಿಡಿದುಕೊಂಡಿತು. ಹಾಸಿಗೆ ಬಿಟ್ಟು ಏಳಲಿಲ್ಲ. ಅಕ್ಕ ಬಿಸಿನೀರಿನ ಚೀಲ ಒತ್ತುತ್ತ ಕೂತಳು. ಉತ್ತರ ಕೊಡುವ ಗಡುವು ಮುಗಿಯಿತು. ಆ ವಾರವೇ ನೀವು ಎದ್ದು ನಿಮ್ಮ ಗೆಳೆಯರ ಜೊತೆ ಬೆಟ್ಟ ಹತ್ತಲು ಹೋದಿರಿ. ಬೆಟ್ಟದ ತುದಿಯಲ್ಲಿ ನಿಂತ ಫೋಟೊವನ್ನು ಅಮ್ಮ ನೋಡಿ, “ಅಳಿಯಂದ್ರ ಸೊಂಟ ಗಟ್ಟಿಯಾಗಿದೆ” ಅಂದಳು.

ಈ ಸಲ ಸೊಂಟದ ಬದಲು ನಕ್ಷತ್ರ. ವ್ಯತ್ಯಾಸ ಅಷ್ಟೇ.

ಪರೀಕ್ಷೆಯ ದಿನ ನಾನೇ ಅವಳ ಜೊತೆ ಇರುತ್ತೇನೆ. ಈ ಸಲ ಯಾವ ಮೂಳೆ ಹಿಡಿದುಕೊಂಡರೂ ಅವಳು ಹೋಗುತ್ತಾಳೆ.

ಭಾಮೈದ


ಏಪ್ರಿಲ್ ೧೫

ಭಾಮೈದನಿಗೆ,

ಸೊಂಟದ ವಿಷಯ ಎತ್ತಬಾರದಿತ್ತು. ನೋವಿದ್ದದ್ದು ನಿಜ. ಹೋದದ್ದೂ ನಿಜ. ನೋವು ಹೋಗುವುದಕ್ಕೆ ಮುಹೂರ್ತ ಕೇಳಿ ಹೋಗುವುದಿಲ್ಲ. ಆ ಬೆಟ್ಟ ನಿಮ್ಮ ತಾಯಿಯವರು ತಿಳಿದಷ್ಟು ಎತ್ತರವೂ ಇರಲಿಲ್ಲ. ಅರ್ಧದವರೆಗೆ ಬಸ್ಸು ಹೋಗುತ್ತಿತ್ತು. ಇಷ್ಟು ವರ್ಷ ಇದನ್ನು ಹೊಟ್ಟೆಯಲ್ಲಿಟ್ಟುಕೊಂಡು ನನ್ನ ಮನೆಯಲ್ಲಿ ಉಂಡು ಹೋಗುತ್ತಿದ್ದೆಯಲ್ಲ, ನಿನಗೆ ಜೀರ್ಣಶಕ್ತಿ ಚೆನ್ನಾಗಿದೆ.

ಇವತ್ತು ಶ್ಲೇಷೆಗೆ ಮನಸ್ಸಿಲ್ಲ. ಮೊನ್ನೆ ಅವಳು ನನ್ನನ್ನು ಕರೆದು ಬಟ್ಟೆ ಒಗೆಯುವ ಯಂತ್ರದ ಮುಂದೆ ನಿಲ್ಲಿಸಿ ಗುಂಡಿಯನ್ನು ಎಲ್ಲಿಯವರೆಗೆ ತಿರುಗಿಸಬೇಕೆಂದು ತೋರಿಸಿಕೊಟ್ಟಳು. ನಾನು ಕೇಳಿರಲಿಲ್ಲ. ಬಿಳಿ ಬಟ್ಟೆಗೆ ಇಷ್ಟು, ಬಣ್ಣದ್ದಕ್ಕೆ ಇಷ್ಟು ಎಂದಳು. ನನಗೇಕೆ ಇದೆಲ್ಲ ಎಂದೆ. ಗೊತ್ತಿದ್ದರೆ ಒಳ್ಳೆಯದು ಎಂದಳು. ನಿನ್ನೆ ಮತ್ತೆ ಕರೆದು, ಈಗ ನೀವು ಮಾಡಿ ಎಂದು ಪಕ್ಕದಲ್ಲಿ ಕೈಕಟ್ಟಿ ನಿಂತಳು. ನಾನು ಪರೀಕ್ಷೆ ಮಾಡುವಾಗ ಹುಡುಗರ ಮುಂದೆ ನಿಲ್ಲುವ ಹಾಗೆಯೇ.

ಆಮೇಲೆ ಅವಳ ಕೋಣೆಗೆ ಹೋಗಿ ನೋಡಿದೆ. ಇಲಿಯೇ ಇತ್ತು. ಇದ್ದರೇನು?

ನಿನ್ನ ಕುಳ್ಳನನ್ನು ಮನೆಯಿಂದ ಓಡಿಸಿದ ಹೊರತು ಇದು ಬಗೆಹರಿಯುವುದಿಲ್ಲ. ನಕ್ಷತ್ರ ಸರಿಸುವ ಆಟ ಸಾಕಾಯಿತು.

ಭಾವ


ಮೇ ೬

ಭಾವನವರೇ,

ನಿನ್ನೆ ಬೆಳಿಗ್ಗೆ ಅಕ್ಕ ಫೋನ್ ಮಾಡಿದಳು. ಯಂತ್ರ ಹಾಕಿದರೆ ಕಪ್ಪು ಪರದೆ, ಅದರ ಮೇಲೆ ಒಂದು ಬಿಳಿ ಗೆರೆ ಮಿಟುಕುತ್ತಿದೆ, ಇನ್ನೇನೂ ಇಲ್ಲ ಎಂದಳು. ನೀವು ಏನು ಮಾಡಿದಿರಿ ಎಂದು ಒಂದೊಂದಾಗಿ ನೋಡಿದೆ. ಗ್ನೋಮ್ ಅನ್ನು ಕಿತ್ತುಹಾಕಲು ಹೇಳಿದ್ದೀರಿ. ಅದರ ಜೊತೆಗೆ ಇವಿಷ್ಟೂ ಹೋಗುತ್ತವೆ, ಆಗಬಹುದೇ ಎಂದು ಯಂತ್ರ ಉದ್ದದ ಪಟ್ಟಿ ಕೊಟ್ಟು ಕೇಳಿದೆ. ನೀವು ಓದದೆ ಹೂಂ ಅಂದಿದ್ದೀರಿ. ಒಳಗೆ ಹೋಗುವಾಗ ಹೆಸರು, ಪಾಸ್‌ವರ್ಡ್ ಕೇಳುವ ಬಾಗಿಲ ಪರದೆಯೇ ಆ ಪಟ್ಟಿಯಲ್ಲಿತ್ತು. ಬಾಗಿಲು ಹೋದ ಮೇಲೆ ಒಳಗೆ ಇಲಿ ಇದ್ದರೇನು, ಹುಲಿ ಇದ್ದರೇನು? ಅಳಿಯನಾಗಿ ಬಂದವರು ಅಳಿಸುವುದನ್ನಾದರೂ ನೆಟ್ಟಗೆ ಕಲಿಯಬಾರದೇ?

ಆರನೇ ತರಗತಿಯ ವಿಜ್ಞಾನದ ಪುಟಗಳನ್ನು ಅವಳು ನಿನ್ನೆ ಸಂಜೆಯೊಳಗೆ ಕಳಿಸಬೇಕಿತ್ತು. ಕೆಲಸ ತಡಮಾಡುವವಳು ಎಂದು ಅಲ್ಲಿ ಒಮ್ಮೆ ಹೆಸರು ಬಿದ್ದರೆ ಪರೀಕ್ಷೆಯ ಮಾತು ಹಾಗಿರಲಿ, ಈಗಿರುವ ಕೆಲಸವೂ ಹೋಗುತ್ತದೆ. ಇಲ್ಲಿಂದಲೇ ಸರಿಮಾಡುತ್ತೇನೆ, ಬೇಕಾದರೆ ರೈಲು ಹತ್ತುತ್ತೇನೆ ಅಂದೆ. ಬೇಡ ಎಂದಳು. ಬಾಗಿಲ ಪರದೆಯ ತಂತ್ರಾಂಶದ ಹೆಸರಿನ ಕಾಗುಣಿತ ಮಾತ್ರ ಕೇಳಿದಳು. ಹೇಳಿದೆ. ಉಳಿದದ್ದನ್ನು ಆ ಮಿಟುಕುವ ಗೆರೆಯ ಮೇಲೇ ಹೊಡೆದು ಬಾಗಿಲನ್ನೂ ತಂದಳು, ಗ್ನೋಮನ್ನೂ ತಂದಳು, ಪುಟಗಳನ್ನೂ ಕಳಿಸಿದಳು. ಸಂಜೆ ನೀವು ಇಣುಕಿದಾಗ ಏನು ಕಂಡಿರೋ ಗೊತ್ತಿಲ್ಲ.

ಈಗ ನನಗೆ ಅವಮಾನವಾದ ಸಂಗತಿ. ಇದನ್ನು ನೋಡುತ್ತಿದ್ದಾಗ ತಿಳಿಯಿತು. ನೀವು ಸರಿಸಿದ ನಕ್ಷತ್ರಕ್ಕೂ ನಾನು ಸರಿಸಿದ ನಕ್ಷತ್ರಕ್ಕೂ ಅವಳ ಪರದೆಗೂ ಸಂಬಂಧವೇ ಇರಲಿಲ್ಲ. ನಕ್ಷತ್ರ ಹೊಸಬರಿಗೆ. ಒಮ್ಮೆ ಬಾಗಿಲ ಪರದೆಯ ಮೂಲೆಯಲ್ಲಿ ತಮಗೆ ಬೇಕಾದ್ದನ್ನು ಆರಿಸಿಕೊಂಡವರಿಗೆ ಯಂತ್ರ ಅವರ ಆಯ್ಕೆಯನ್ನೇ ನೆನಪಿಟ್ಟುಕೊಂಡು ಕೊಡುತ್ತದೆ. ಡೀಫಾಲ್ಟ್ ಏನಿದ್ದರೂ ಅದಕ್ಕೆ ಲೆಕ್ಕವಿಲ್ಲ. ಆಸ್ಪತ್ರೆಯಲ್ಲಿ ಯಂತ್ರ ಹಾಕಿದರೆ ತಾನೇ ಒಳಗೆ ಹೋಗುತ್ತದೆ, ಆರಿಸಲು ಅಲ್ಲಿ ಯಾರಿಗೂ ಬಿಟ್ಟಿಲ್ಲ. ಹಾಗಾಗಿ ನನಗೆ ಇದು ಹೊಳೆಯಲೇ ಇಲ್ಲ. ಅಂದರೆ ಮಧ್ಯಾಹ್ನ ಗ್ನೋಮ್ ತಂದುಕೊಂಡವಳೂ ಅಕ್ಕನೇ, ಸಂಜೆ ಇಲಿ ತಂದಿಟ್ಟವಳೂ ಅಕ್ಕನೇ.

ಯಾಕೆ ಎಂದು ಕೇಳಿದೆ. “ಅವ್ರು ಗೆದ್ದೆ ಅಂದ್ಕೊಂಡ್ರೆ ಊಟ ಮಾಡ್ತಾರೆ. ನೀನು ಗೆದ್ದೆ ಅಂದ್ಕೊಂಡ್ರೆ ಫೋನ್ ಇಡ್ತೀಯ. ನಂಗೆ ಕೆಲ್ಸ ಇತ್ತು ಕಣೋ” ಅಂದಳು.

ನಾಡಿದ್ದು ಬಂದು ಅವಳನ್ನೂ ಯಂತ್ರವನ್ನೂ ಕರೆದುಕೊಂಡು ಹೋಗುತ್ತೇನೆ. ಪರೀಕ್ಷೆಯವರೆಗೆ ಇಲ್ಲೇ ಇರಲಿ. ನೀವು ಬಾಗಿಲಿಗೆ ಬರಬೇಕಾಗಿಲ್ಲ.

ಭಾಮೈದ


ಮೇ ೨೪

ರೀ,

ಇಲ್ಲಿಗೆ ಬಂದು ಎರಡು ವಾರವಾಯಿತು. ನೀವು ಬರೆಯಲಿಲ್ಲ. ನಿಮ್ಮ ಪತ್ರಗಳೆಲ್ಲ ಇವನ ಹೆಸರಿಗೇ ಬರುತ್ತಿದ್ದವು ಎಂದು ಈಗ ಗೊತ್ತಾಗಿದೆ. ಓದಿದೆ. ಇವನೇ ತೋರಿಸಿದ, ನನಗೆ ಸಿಟ್ಟು ಬರಲಿ ಎಂದು. ಇವನು ಬರೆದದ್ದರ ಪ್ರತಿಗಳನ್ನೂ ಕೇಳಿ ತೆಗೆದುಕೊಂಡೆ. ಸಿಟ್ಟು ಬಂತು, ಇಬ್ಬರ ಮೇಲೂ.

ನಿಮ್ಮ ಅಕ್ಷರ ಚೆನ್ನಾಗಿದೆ. ಅಷ್ಟು ಚೆಂದದ ಸಾಲುಗಳನ್ನು ನನಗೆ ನೀವು ಬರೆದು ಬಹಳ ಕಾಲವಾಯಿತು. ಒಂದು ಕಡೆ ನಾನು ನಕ್ಕೂ ನಕ್ಕೆ, ‘ಸುಡೊ’ ಎಂಬಲ್ಲಿ. ಆಮೇಲೆ ಯಾಕೆ ನಕ್ಕೆ ಎಂದು ನನ್ನ ಮೇಲೇ ಬೇಸರವಾಯಿತು.

ಇಲ್ಲಿಯೂ ಕಥೆ ಬೇರೆಯಲ್ಲ. ಇವನು ಕುರ್ಚಿಯ ಹಿಂದೆ ನಿಲ್ಲುತ್ತಾನೆ. ಅಕ್ಕ, ಮೌಸು ಬಿಡು, ಕೀಲಿ ಒತ್ತು ಎನ್ನುತ್ತಾನೆ. ನಾನು ಎದ್ದು ನೀರು ಕುಡಿಯಲು ಹೋದರೆ, ಬರುವಷ್ಟರಲ್ಲಿ ಅಕ್ಷರದ ಗಾತ್ರ ಬದಲಾಗಿರುತ್ತದೆ. ನಿನಗೆ ಇದು ಒಳ್ಳೆಯದು ಎನ್ನುತ್ತಾನೆ. ನಿಮ್ಮ ದನಿಯೂ ಹಾಗೆಯೇ ಇರುತ್ತಿತ್ತು. ನಿನ್ನೆ ಇವನನ್ನು ಕೋಣೆಯಿಂದ ಹೊರಗೆ ಹಾಕಿ ಚಿಲಕ ಹಾಕಿಕೊಂಡೆ. ಈಗ ಇವನ ಹೆಂಡತಿಯ ಹತ್ತಿರ ನನ್ನ ಬಗ್ಗೆ ಗೊಣಗುತ್ತಿದ್ದಾನೆ.

ಸಂಜೆ ನೀವು ಬರುವ ಹೊತ್ತಿಗೆ ಒಂದು ಸಲ ಹೊರಗೆ ಬಂದು, ಮೂಲೆಯಲ್ಲಿ ಇಲಿಯನ್ನು ಆರಿಸಿ, ಮತ್ತೆ ಒಳಗೆ ಹೋಗುತ್ತಿದ್ದೆ. ಟೀ ಕುದಿಯುವಷ್ಟರಲ್ಲಿ ಆಗಿಬಿಡುವ ಕೆಲಸ. ನೀವು ಇಣುಕಿ, ಕೆಮ್ಮಿ, ಹೊರಟು ಹೋಗುತ್ತಿದ್ದಿರಿ. ಮರುದಿನ ಬೆಳಿಗ್ಗೆಯವರೆಗೆ ನನ್ನ ತಂಟೆಗೆ ಬರುತ್ತಿರಲಿಲ್ಲ. ನನಗೆ ಬೇಕಾಗಿದ್ದದ್ದು ಆ ನಿಶ್ಶಬ್ದ. ಅದಕ್ಕೆ ನೀವು ‘ಅವಳಿಗೂ ನೆಮ್ಮದಿ’ ಎಂದು ಹೆಸರಿಟ್ಟಿದ್ದೀರಿ.

ಯಾವುದು ಇಷ್ಟ ಎಂದು ನೀವು ಕೇಳಲಿಲ್ಲ. ಇವನೂ ಕೇಳಲಿಲ್ಲ. ಕೇಳಿದ್ದರೆ ಹೇಳುತ್ತಿದ್ದೆ, ನನಗೂ ಇಲಿಯೇ ಇಷ್ಟ. ಕುಳ್ಳನ ಜೊತೆ ಕೆಲಸ ಮಾಡುವುದೆಂದರೆ ಬೇರೆಯವರ ಚಪ್ಪಲಿ ಹಾಕಿಕೊಂಡು ನಡೆದ ಹಾಗೆ. ಆದರೂ ನಡೆಯುತ್ತೇನೆ. ಮೊದಲ ಸಲ ಕರೆ ಬಂದಾಗ ನಾನು ಹೋಗದೆ ಇದ್ದದ್ದು ನಿಮ್ಮ ಸೊಂಟಕ್ಕಾಗಿ ಎಂದು ಇವನು ತಿಳಿದಿದ್ದಾನೆ. ನೀವೂ ಹಾಗೆಯೇ ತಿಳಿದಿದ್ದೀರಿ. ನನಗೆ ಹೆದರಿಕೆಯಾಗಿತ್ತು. ನಿಮ್ಮ ಸೊಂಟ ಒಳ್ಳೆಯ ನೆವವಾಯಿತು. ಈ ಸಲ ನೆವ ಹುಡುಕಿದರೆ ಸಿಗಬಾರದು ಎಂದೇ ಬಟ್ಟೆಯ ಯಂತ್ರ ತೋರಿಸಿಕೊಟ್ಟದ್ದು.

ಕಪ್ಪು ಪರದೆಯನ್ನು ನಾನು ಮರೆತಿಲ್ಲ. ಕೆಟ್ಟದ್ದನ್ನು ಸರಿಮಾಡಲು ಬರುತ್ತಿತ್ತು, ಮಾಡಿದೆ. ಬರದಿದ್ದರೆ? ಅದನ್ನು ನೀವು ಯೋಚಿಸಿದ್ದೀರೋ ಇಲ್ಲವೋ, ಆ ಹೊತ್ತಿನಲ್ಲಿ ಯೋಚಿಸಿರಲಿಲ್ಲ ಎಂದೇ ಅಂದುಕೊಳ್ಳುತ್ತೇನೆ. ಹಾಗೆ ಅಂದುಕೊಳ್ಳದಿದ್ದರೆ ಈ ಪತ್ರ ಬರೆಯುತ್ತಿರಲಿಲ್ಲ.

ಜೂನ್ ಮೂರಕ್ಕೆ ಪರೀಕ್ಷೆ. ಹಾರೈಸಬೇಡಿ, ನಿಮ್ಮ ಹಾರೈಕೆಯಲ್ಲಿ ಒಂದು ಜೋಕು ಇರುತ್ತದೆ. ಮನೆಯ ಹಿತ್ತಲ ಬಾಗಿಲು ಎಳೆದುಕೊಂಡರೆ ಸಾಲದು, ಒತ್ತಿ ಎಳೆಯಬೇಕು.

ಇವಳು


ಜೂನ್ ೨೨

ಚಿರಂಜೀವಿ ಭಾಮೈದನಿಗೆ,

ನಿಮ್ಮಕ್ಕ ಪಾಸಾದಳು. ನಿನಗೆ ಗೊತ್ತು. ನನಗೂ ಗೊತ್ತು ಎಂದು ನಿನಗೆ ಗೊತ್ತಿರಲಿ ಎಂದು ಬರೆದೆ. ಎರಡು ಗಂಟೆಯ ಕೆಲಸವನ್ನು ಬೇಗ ಮುಗಿಸಿ, ಪರೀಕ್ಷಕರ ಪ್ರಶ್ನೆಪತ್ರಿಕೆಯಲ್ಲಿದ್ದ ಪುಟಸಂಖ್ಯೆಯ ತಪ್ಪನ್ನೂ ತೋರಿಸಿ ಬಂದಳಂತೆ. ನಿನ್ನ ತರಬೇತಿಯ ಫಲ ಎಂದು ನೀನು ಊರೆಲ್ಲ ಹೇಳಿಕೊಂಡು ತಿರುಗುತ್ತಿದ್ದೀಯ ಎಂದೂ ಕೇಳಿದೆ. ಅವಳು ನಿನ್ನನ್ನು ಕೋಣೆಯಿಂದ ಹೊರಗೆ ಹಾಕಿ ಚಿಲಕ ಜಡಿದುಕೊಂಡ ಭಾಗವನ್ನು ಬಿಟ್ಟು ಹೇಳುತ್ತಿದ್ದೀಯಂತೆ. ಒಳ್ಳೆಯ ಸಂಪಾದಕನಾಗುತ್ತೀಯ.

ಮೊನ್ನೆ ಸಾಮಾನು ಕಟ್ಟಲು ಬಂದಿದ್ದಳು. ಹಗ್ಗದಿಂದ ಪುಟಗಳನ್ನು ಇಳಿಸಿದಳು, ಕ್ಲಿಪ್ಪುಗಳನ್ನು ಡಬ್ಬಿಗೆ ಹಾಕಿದಳು, ಹಗ್ಗವನ್ನು ಬಿಚ್ಚಲಿಲ್ಲ. ತಿಂಗಳಿಗೊಮ್ಮೆ ಬರುತ್ತೇನೆ ಎಂದಳು. ನಾನು ಹೂಂ ಎಂದೆ. ಜಗಳವಾಡಲು ಇಬ್ಬರಿಗೂ ಬಿಡುವಿರಲಿಲ್ಲ. ಸ್ಟೇಷನ್ನಿನಲ್ಲಿ ಚೀಲವನ್ನು ಮೇಲಿನ ಹಲಗೆಗೆ ಎತ್ತಿಡಲು ಹೋದೆ. “ಬೇಡ ರೀ, ಸೊಂಟ” ಅಂದಳು. ಅವಳು ಹಾಗೆ ಅಂದದ್ದು ಕುಹಕಕ್ಕೋ, ನಿಜವಾಗಿಯೋ ಎಂದು ರೈಲು ಹೋದ ಮೇಲೂ ಬೆಂಚಿನ ಮೇಲೆ ಕೂತು ಯೋಚಿಸಿದೆ. ತರ್ಕಶಾಸ್ತ್ರದಲ್ಲಿ ಇದಕ್ಕೆ ವಿಧಾನವಿಲ್ಲ.

ನಿನ್ನನ್ನು ಕ್ಷಮಿಸಿದ್ದೇನೆ ಎಂದು ತಿಳಿಯಬೇಡ. ಬಾಗಿಲಿಗೆ ಬರಬೇಕಾಗಿಲ್ಲ ಎಂದು ನನ್ನ ಮನೆಯ ಬಾಗಿಲಿನ ಬಗ್ಗೆ ನನಗೇ ಬರೆದ ಸಾಲನ್ನು ಸಾಯುವವರೆಗೂ ಇಟ್ಟುಕೊಳ್ಳುತ್ತೇನೆ. ಆ ಕಪ್ಪು ಪರದೆಗಾಗಿ ನೀನೂ ನನ್ನನ್ನು ಕ್ಷಮಿಸಬೇಡ. ಅವಳ ಹತ್ತಿರ ಕೇಳಿದೆ. ಆಗಲಿ ನೋಡೋಣ ಎಂದಳು. ಇನ್ನೂ ನೋಡುತ್ತಿದ್ದಾಳೆ.

ಈಗ ಬರೆಯುತ್ತಿರುವುದು ಬೇರೆ ಕಾರಣಕ್ಕೆ. ನಮ್ಮ ಬಳಗದಲ್ಲೆಲ್ಲ ನೀನು ಹಬ್ಬಿಸಿರುವ ಸುದ್ದಿ ನನ್ನ ಕಿವಿಗೂ ಬಿತ್ತು. ಭಾವ ಮೇಲೆ ನೋಡೋಕೆ ಜೋಕು ಹೊಡೆಯೋ ಮೇಷ್ಟ್ರು, ಒಳಗೆ ಭಾರಿ ಗಟ್ಟಿಗ, ಯಾರ ಹತ್ತಿರವೂ ಕೇಳದೆ ಕಪ್ಪು ಕಿಟಕಿಯಲ್ಲಿ ಕೈಯಾಡಿಸಿ ಹೆಂಡತಿಯ ಯಂತ್ರಕ್ಕೆ ಕನ್ನ ಹಾಕಿದ ಎಂದು. ಮೊನ್ನೆ ಒಂದು ಊಟದ ಮನೆಯಲ್ಲಿ ನಿಮ್ಮ ಚಿಕ್ಕಪ್ಪ ನನ್ನನ್ನು ಕಂಡು ತಮ್ಮ ಫೋನನ್ನು ಜೇಬಿನೊಳಗೆ ತಳ್ಳಿಕೊಂಡರು. ನಿಮ್ಮ ತಾಯಿಯವರಂತೂ ಮೊದಲ ಸಲ ನನ್ನನ್ನು ಸ್ವಲ್ಪ ಭಯದಿಂದ ನೋಡಿದರು. ನಿಜ ಹೇಳುತ್ತೇನೆ, ಹಿತವಾಗಿತ್ತು. ಇಷ್ಟು ವರ್ಷ ಅಳಿಯನಾಗಿ ದೊರೆಯದ ಗೌರವ ಖಳನಾಗಿ ದೊರೆಯಿತು. ಸುಮ್ಮನಿದ್ದುಬಿಡೋಣ ಅನ್ನಿಸಿತು. ಆದರೆ ಅವಳಿಗೂ ಈ ಸುದ್ದಿ ತಲುಪಿದೆಯಂತೆ. ನಿನ್ನೆ ಫೋನಿನಲ್ಲಿ ಅದನ್ನು ಹೇಳಿ ಸುಮ್ಮನಾದಳು. ನಾನು ಏನಾದರೂ ಹೇಳುತ್ತೇನೆ ಎಂದು ಕಾಯುವ ಮೌನ ಅದು. ನಾನು ಹೇಳಲಿಲ್ಲ. ಅವಳೂ ನಿಜವನ್ನು ನಿಮಗೆ ಯಾರಿಗೂ ಹೇಳಿಲ್ಲ. ಅವಳು ನನ್ನ ಮಾನವನ್ನು ಹೀಗೆ ದೂರದ ಊರಿನಲ್ಲಿ ಕೂತು ಕಾಯುತ್ತಿರುವುದು ನನ್ನಿಂದ ಸಹಿಸಲಾಗುತ್ತಿಲ್ಲ. ಆದ್ದರಿಂದ ನಾನೇ ಹೇಳುತ್ತೇನೆ, ನೀನು ಬಳಗಕ್ಕೆ ಹೇಳು.

ಗ್ನೋಮನ್ನು ಕಿತ್ತುಹಾಕಿದ ಆ ಸಾಲೊಂದೇ ನಾನು ಯಾರ ಸಹಾಯವೂ ಇಲ್ಲದೆ ಬರೆದದ್ದು. ಅದರ ಫಲ ನೀನು ಕಂಡಿದ್ದೀಯ.

ನಕ್ಷತ್ರದ ಸಾಲು ನನ್ನದಲ್ಲ. ಅವತ್ತು ಅವಳು ಸ್ನಾನಕ್ಕೂ ಹೋಗಿರಲಿಲ್ಲ. ಡೀಫಾಲ್ಟ್ ಬದಲಾಯಿಸುವುದು ಹೇಗೆ, ಒಂದು ಅಂಕಣಕ್ಕೆ ಬೇಕಿತ್ತು ಎಂದು ನಾನೇ ಹೋಗಿ ಅವಳನ್ನು ಕೇಳಿದೆ. ಅವಳು ಕಪ್ಪೆಯ ಹೃದಯದಿಂದ ಕಣ್ಣು ತೆಗೆಯದೆ ಒಂದೊಂದೇ ಅಕ್ಷರ ಹೇಳುತ್ತ ಹೋದಳು. ನಾನು ಮೂರು ಸಲ ತಪ್ಪು ಹೊಡೆದೆ. ಕೊನೆಗೆ “ಸರೀರಿ ಪಕ್ಕಕ್ಕೆ” ಎಂದು ತಾನೇ ಬಗ್ಗಿ ಸಾಲನ್ನು ಪೂರ್ತಿ ಹೊಡೆದಳು, ನನ್ನ ಕಣ್ಣೆದುರಿಗೇ ಪಾಸ್‌ವರ್ಡನ್ನೂ ಹಾಕಿದಳು, ಯಾವ ಅಂಕಿ ಎಂದು ಬೆರಳಿಟ್ಟು ತೋರಿಸಿದಳು. ನಾನು ಒತ್ತಿದ್ದು ಆ ಅಂಕಿ ಮತ್ತು ಎಂಟರ್. ಅದೂ, “ಹೂಂ, ಈಗ ಒತ್ತಿ” ಎಂದು ಅವಳು ಹೇಳಿದ ಮೇಲೆ.

ಇತಿ,
ನಿನ್ನ ಭಾವ